ಬಾಸ್ಟನ್‌ನಿಂದ ಸಿಯಾಟಲ್‌ವರೆಗೆ: ಗೆಳೆಯರ ಜೊತೆ ಕಾರಿನಲ್ಲಿ ಅಮೆರಿಕ ದಾಟುವುದು ಹೇಗೆ?

ಅಮೆರಿಕದಲ್ಲಿ ಓದುತ್ತಿರುವ, ದುಡಿಯುತ್ತಿರುವ ಕನ್ನಡದ ಗೆಳೆಯರ ಗುಂಪುಗಳಲ್ಲಿ ಈ ಮಾತು ಯಾವಾಗಲಾದರೊಮ್ಮೆ ಬಂದೇ ಬರುತ್ತದೆ: ‘ಈ ತುದಿಯಿಂದ ಆ ತುದಿಗೆ ಕಾರಲ್ಲೇ ಹೋಗಿಬಿಡೋಣ ಕಣ್ರೋ’. ಒಬ್ಬರ ಓದು ಮುಗಿದಿರುತ್ತದೆ, ಇನ್ನೊಬ್ಬರಿಗೆ ಪಶ್ಚಿಮ ಕರಾವಳಿಯಲ್ಲಿ ಕೆಲಸ ಸಿಕ್ಕಿರುತ್ತದೆ, ಊರಿಂದ ಕಾಲೇಜು ಗೆಳೆಯರು ರಜೆ ಹಾಕಿ ಬಂದಿರುತ್ತಾರೆ. ಆದರೂ ಎಷ್ಟೋ ಸಲ ಮಾತು ಮಾತಾಗಿಯೇ ಉಳಿಯುತ್ತದೆ. ಹೊರಟವರಲ್ಲೂ ಕೆಲವರು ಅರ್ಧ ದಾರಿಗೇ ಮುಖ ಊದಿಸಿಕೊಂಡು ಕೂರುತ್ತಾರೆ. ಕಾರಣ ಸಾಮಾನ್ಯವಾಗಿ ಒಂದೇ: ದಿನಕ್ಕೆ ಎಷ್ಟು ದೂರ ಓಡಿಸಬೇಕು ಎಂಬುದನ್ನು ಎಲ್ಲರೂ ಕೂತು ಮೊದಲೇ ತೀರ್ಮಾನಿಸಿರುವುದಿಲ್ಲ. ದಾರಿ, ವಸತಿ, ಖರ್ಚು, ಗೆಳೆತನದ ಹದ ಎಲ್ಲವೂ ಆ ಒಂದು ಲೆಕ್ಕದ ಮೇಲೆಯೇ ನಿಂತಿವೆ.

ದೇಶ ದಾಟಲು ಹಲವು ದಾರಿಗಳಿವೆ. ನಾನಿಲ್ಲಿ ಐ-90 ಹೆದ್ದಾರಿಯನ್ನು ಹಿಡಿದು ಹೇಳುತ್ತಿದ್ದೇನೆ. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲೆಲ್ಲ ಇದೇ ಅತಿ ಉದ್ದದ್ದು. ಬಾಸ್ಟನ್‌ನಿಂದ ಸಿಯಾಟಲ್‌ಗೆ ಸುಮಾರು 3,020 ಮೈಲಿ, ಅಂದರೆ 4,860 ಕಿಲೋಮೀಟರ್. ಬೆಂಗಳೂರಿನಿಂದ ಬೀದರಿಗೆ ಹತ್ತಿರ ಹತ್ತಿರ ಏಳು ಸಲ ಹೋದಷ್ಟು. ದಾರಿಯಲ್ಲಿ 13 ರಾಜ್ಯಗಳು ಸಿಗುತ್ತವೆ.

1. ದಾರಿ ಮತ್ತು ತಿಂಗಳು ಗೊತ್ತು ಮಾಡಿ

ಹೆದ್ದಾರಿಯ ಸಂಖ್ಯೆ ಓದುವುದನ್ನು ಕಲಿತರೆ ನಕ್ಷೆ ಅರ್ಧ ಅರ್ಥವಾದಂತೆ. ಸಮಸಂಖ್ಯೆಯವು ಪೂರ್ವ–ಪಶ್ಚಿಮ, ಬೆಸಸಂಖ್ಯೆಯವು ಉತ್ತರ–ದಕ್ಷಿಣ. ದಕ್ಷಿಣದಲ್ಲಿ ಐ-10, ಉತ್ತರದ ಅಂಚಿನಲ್ಲಿ ಐ-90. ಹೆಚ್ಚಿನ ರಾಜ್ಯಗಳಲ್ಲಿ ಮೈಲಿಗಲ್ಲು ಶುರುವಾಗುವುದು ಪಶ್ಚಿಮದ ಗಡಿಯಿಂದ, ಹೆದ್ದಾರಿಯಿಂದ ಇಳಿಯುವ ನಿರ್ಗಮನಗಳಿಗೆ (ಎಕ್ಸಿಟ್) ಕೊಡುವ ಸಂಖ್ಯೆಯೂ ಅದೇ ಮೈಲಿ. ಪಶ್ಚಿಮಕ್ಕೆ ಹೋಗುವವರಿಗೆ ಆ ಸಂಖ್ಯೆ ಇಳಿಯುತ್ತಾ ಹೋಗಿ, ಮುಂದಿನ ರಾಜ್ಯಕ್ಕೆ ಇನ್ನೆಷ್ಟು ಮೈಲಿ ಎಂದು ಹೇಳುತ್ತಿರುತ್ತದೆ. ನ್ಯೂಯಾರ್ಕ್ ರಾಜ್ಯದ ಟೋಲ್ ಹೆದ್ದಾರಿಯಾದ ಥ್ರೂವೇಯಲ್ಲಿ ಮಾತ್ರ ನಿರ್ಗಮನಗಳಿಗೆ ಬರೀ ಕ್ರಮಸಂಖ್ಯೆ.

ಹಳೆಯ ರೂಟ್ 66 ಮೇಲೆ ಮನಸ್ಸಿದ್ದವರು ಷಿಕಾಗೊದಿಂದ ಸಾಂಟಾ ಮೋನಿಕಾಗೆ ಹೋಗಬಹುದು. 1926ರಲ್ಲಿ ಹುಟ್ಟಿದ ಆ ರಸ್ತೆಯನ್ನು ಅಧಿಕೃತ ಹೆದ್ದಾರಿಗಳ ಪಟ್ಟಿಯಿಂದ 1985ರಲ್ಲಿ ತೆಗೆದರು. ತುಣುಕು ತುಣುಕಾಗಿ ಇನ್ನೂ ಇದೆ, ಮರುಭೂಮಿ ಇಷ್ಟಪಡುವವರಿಗೆ ಹೇಳಿ ಮಾಡಿಸಿದ್ದು. ಬಯಲು, ಬೆಟ್ಟ, ಕಾಡು, ಬಿಸಿನೀರ ಬುಗ್ಗೆ ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿಕೊಡುವುದು ಮಾತ್ರ ಐ-90. ಮೊದಲ ಸಲ ಹೊರಟವರಿಗೆ ನಾನು ಹೇಳುವುದು ಇದನ್ನೇ.

ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯೊಳಗೆ ಹೋಗಿ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಹೆಚ್ಚಿನ ಒಳರಸ್ತೆಗಳು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕಾರುಗಳಿಗೆ ಮುಚ್ಚಿರುತ್ತವೆ. ಮೇ ತಿಂಗಳಲ್ಲೂ ಎತ್ತರದ ಕಣಿವೆದಾರಿಗಳಲ್ಲಿ ಹಿಮ ಬೀಳುವುದುಂಟು. ಆಗಸ್ಟ್ ಮೊದಲ ಭಾಗದಲ್ಲಿ ದಕ್ಷಿಣ ಡಕೋಟಾದ ಸ್ಟರ್ಜಿಸ್ ಎಂಬ ಪುಟ್ಟ ಊರಿನಲ್ಲಿ ಮೋಟಾರ್ ಸೈಕಲ್ ಸವಾರರ ದೊಡ್ಡ ಜಾತ್ರೆ ನಡೆಯುತ್ತದೆ. ಸುತ್ತ ನೂರು ಮೈಲಿಯಲ್ಲಿ ಕೋಣೆ ಸಿಗುವುದು ಕಷ್ಟ, ಸಿಕ್ಕರೂ ಬಾಡಿಗೆ ಗಗನಕ್ಕೇರಿರುತ್ತದೆ. ಆ ದಿನಗಳನ್ನು ತಪ್ಪಿಸಿ. ನನ್ನನ್ನು ಕೇಳಿದರೆ ಸೆಪ್ಟೆಂಬರ್‌ನ ಎರಡನೇ ವಾರ ಎಲ್ಲಕ್ಕಿಂತ ಒಳ್ಳೆಯದು: ಶಾಲೆಗಳು ಶುರುವಾಗಿ ಜನ ಕಡಿಮೆ, ಬಿಸಿಲು ಮೆತ್ತಗೆ.

2. ಜೊತೆಗೆ ಯಾರು, ಯಾವ ಕರಾರಿನ ಮೇಲೆ?

ನಾಲ್ಕು ಜನ ಸರಿಯಾದ ಸಂಖ್ಯೆ. ಐದನೆಯವರು ಹಿಂದಿನ ಸೀಟಿನ ನಡುವೆ ದಿನಗಟ್ಟಲೆ ಮಂಡಿ ಮಡಚಿ ಕೂರಬೇಕಾಗುತ್ತದೆ. ಅವರ ಬೇಸರ ಎಲ್ಲರಿಗೂ ಅಂಟುತ್ತದೆ. ನಾಲ್ವರಲ್ಲಿ ಮೂವರಾದರೂ ಅಮೆರಿಕದ ರಸ್ತೆಯಲ್ಲಿ ಓಡಿಸಿ ಅಭ್ಯಾಸವಿದ್ದವರಿರಲಿ.

ಹೊರಡುವ ಒಂದು ತಿಂಗಳ ಮುಂಚೆ ಒಂದು ಸಂಜೆ ಎಲ್ಲರೂ ಕೂತು ಮಾತಾಡಿ. ಕೇಳಲು ಮುಜುಗರವಾಗುವ ಪ್ರಶ್ನೆಗಳನ್ನೇ ಆ ಸಂಜೆ ಕೇಳಬೇಕು. ಯಾರ ಕೈಯಲ್ಲಿ ಎಷ್ಟು ಹಣವಿದೆ? ಒಂದು ಕೋಣೆಯಲ್ಲಿ ನಾಲ್ವರೂ ಇರಬಹುದೇ, ಎರಡು ಕೋಣೆ ಬೇಕೇ? ಗೊರಕೆ ಯಾರದು? ಬೆಳಿಗ್ಗೆ ಆರಕ್ಕೆ ಏಳುವವರು ಯಾರು, ಒಂಬತ್ತಕ್ಕೂ ಏಳದವರು ಯಾರು? ಗೆಳೆಯರ ನಡುವೆ ಸಂಬಳದ ಅಂತರ ದೊಡ್ಡದಿದ್ದರೆ, ಕಡಿಮೆ ಸಂಬಳದವರಿಗೆ ಹೊಂದುವ ಖರ್ಚನ್ನೇ ಗುಂಪಿನ ಖರ್ಚಾಗಿ ಇಟ್ಟುಕೊಳ್ಳಿ. ಹೆಚ್ಚಿಗೆ ಬೇಕಾದವರು ತಮ್ಮ ಹೆಚ್ಚಿಗೆಯನ್ನು ತಾವೇ ನೋಡಿಕೊಳ್ಳಲಿ. ಈ ಮಾತನ್ನು ಹಣ ಇರುವವರೇ ಮೊದಲು ಎತ್ತಬೇಕು. ಇಲ್ಲದವರ ಬಾಯಿಂದ ಅದು ಬರುವುದು ಕಷ್ಟ.

ಕೆಲಸ ಹಂಚಿಕೊಳ್ಳಿ: ಒಬ್ಬರಿಗೆ ಕೋಣೆ ಕಾದಿರಿಸುವುದು, ಒಬ್ಬರಿಗೆ ಊಟ, ಒಬ್ಬರಿಗೆ ಲೆಕ್ಕ, ಒಬ್ಬರಿಗೆ ಕಾರಿನ ಉಸ್ತುವಾರಿ. ಲೆಕ್ಕಕ್ಕೆ ಸ್ಪ್ಲಿಟ್‌ವೈಸ್‌ನಂಥ ಆ್ಯಪ್ ಸಾಕು, ಆದರೆ ಖರ್ಚನ್ನು ಅಂದಂದೇ ಬರೆದಿಡಬೇಕು. ಕಾರಿನೊಳಗೆ ಎರಡು ನಿಯಮ ಸಾಕು. ಚಾಲಕರ ಪಕ್ಕ ಕೂತವರು ನಿದ್ದೆ ಮಾಡುವಂತಿಲ್ಲ. ಊಟದ ನಂತರ ಒಂದು ಗಂಟೆ ಯಾರೂ ಮಾತಾಡಲೇಬೇಕು ಎಂದಿಲ್ಲ. ಎಷ್ಟೇ ಆಪ್ತರಾದರೂ ದಿನವಿಡೀ ಮಾತು ಹಿಂಸೆ. ಆ ಮೌನಕ್ಕೆ ಮೊದಲೇ ಒಪ್ಪಿಗೆ ಇದ್ದರೆ ಯಾರೂ ‘ಇವನಿಗೇನೋ ಕೋಪ’ ಎಂದುಕೊಳ್ಳುವುದಿಲ್ಲ.

3. ದಿನಕ್ಕೆ 350 ಮೈಲಿ, ಅದಕ್ಕಿಂತ ಹೆಚ್ಚು ಬೇಡ

ನಕ್ಷೆ ತೋರಿಸುವ ಗಂಟೆಗಳನ್ನು ಕೂಡಿಸಿ ‘ಐದು ದಿನ ಸಾಕು’ ಅನ್ನುವವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ನಿಜ, ಐದು ದಿನದಲ್ಲಿ ದಾಟಬಹುದು. ಆದರೆ ನೆನಪಿನಲ್ಲಿ ಉಳಿಯುವುದು ಡ್ಯಾಶ್‌ಬೋರ್ಡ್ ಮಾತ್ರ. ದಿನಕ್ಕೆ ಸರಾಸರಿ 350 ಮೈಲಿ ಎಂದು ಗೆರೆ ಎಳೆಯಿರಿ. ಅದು ಐದೂವರೆ, ಆರು ಗಂಟೆಯ ಓಟ. ಪೆಟ್ರೋಲು, ಊಟ, ಶೌಚಾಲಯ ಸೇರಿ ಎಂಟು ಗಂಟೆಯಾಗುತ್ತದೆ. ಅಡ್ಡದಾರಿಗಳನ್ನೂ ಸೇರಿಸಿ ಒಟ್ಟು 3,500 ಮೈಲಿ ಎಂದುಕೊಂಡರೆ ಹತ್ತು ದಿನದ ಓಟ, ನಾಲ್ಕು ದಿನ ಕಾರಿಗೆ ಬಿಡುವು. ಒಟ್ಟು ಎರಡು ವಾರ. ಅಷ್ಟು ರಜೆ ಇಲ್ಲದಿದ್ದರೆ ಅರ್ಧ ದೇಶ ಮಾಡಿ: ಷಿಕಾಗೊಗೆ ವಿಮಾನ ಹತ್ತಿ, ಅಲ್ಲಿಂದ ಕಾರು ತೆಗೆದುಕೊಳ್ಳಿ. ಇಡೀ ದೇಶವನ್ನು ಧಾವಂತದಲ್ಲಿ ದಾಟುವುದಕ್ಕಿಂತ ಅದು ಎಷ್ಟೋ ಮೇಲು.

ಎರಡು ಗಂಟೆಗೊಮ್ಮೆ ಚಾಲಕರು ಬದಲಾಗಲಿ, ಸುಸ್ತಾಗಲಿ ಆಗದಿರಲಿ. ಕತ್ತಲಾಗುವುದರೊಳಗೆ ಊರು ಸೇರಿ. ಮುಸ್ಸಂಜೆಯಲ್ಲಿ ಜಿಂಕೆಗಳು ರಸ್ತೆಗೆ ನುಗ್ಗುತ್ತವೆ, ಪಶ್ಚಿಮಕ್ಕೆ ಓಡಿಸುವವರಿಗೆ ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಪಶ್ಚಿಮಕ್ಕೆ ಹೋಗುವುದರಲ್ಲಿ ಒಂದು ಲಾಭವೂ ಇದೆ: ನಾಲ್ಕು ಕಾಲವಲಯಗಳನ್ನು ಹಾಯುವಾಗ ಮೂರು ಸಲ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ಹೋಗುವ ದಿಕ್ಕು ನಿಮ್ಮ ಕೈಯಲ್ಲಿದ್ದರೆ ಪೂರ್ವದಿಂದಲೇ ಹೊರಡಿ.

4. ಕಾರು ಮತ್ತು ಕಾಗದಪತ್ರ

ಒಂದೂರಲ್ಲಿ ತೆಗೆದು ಇನ್ನೊಂದೂರಲ್ಲಿ ಬಿಡುವ ಬಾಡಿಗೆಗೆ ‘ಒನ್-ವೇ’ ಶುಲ್ಕ ಬೀಳುತ್ತದೆ. ಅದು ಒಮ್ಮೊಮ್ಮೆ ದಿನದ ಬಾಡಿಗೆಗಳನ್ನೆಲ್ಲ ಸೇರಿಸಿದರೂ ಮೀರಿಸುವಷ್ಟಿರುತ್ತದೆ. ಹಾಗಾಗಿ ಒಟ್ಟು ಮೊತ್ತವನ್ನೇ ಹೋಲಿಸಿ ನೋಡಿ. ಸಿಯಾಟಲ್ ನಗರದ ಬದಲು ವಿಮಾನ ನಿಲ್ದಾಣದಲ್ಲಿ ಬಿಟ್ಟರೆ ಎಷ್ಟು ಎಂದೂ ಕೇಳಿ. ಮೈಲಿ ಮಿತಿ ಇಲ್ಲದ ಕರಾರೇ ಬೇಕು. 25 ವರ್ಷದೊಳಗಿನ ಚಾಲಕರಿಗೆ ಹೆಚ್ಚುವರಿ ಶುಲ್ಕವಿರುತ್ತದೆ. ಓಡಿಸುವ ಪ್ರತಿಯೊಬ್ಬರ ಹೆಸರೂ ಕರಾರಿನಲ್ಲಿರಲಿ, ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ವಿಮೆ ಕೈಬಿಡುತ್ತದೆ. ಅಮೆರಿಕದ ಕೆಲವು ಕ್ರೆಡಿಟ್ ಕಾರ್ಡ್‌ಗಳು ಬಾಡಿಗೆ ಕಾರಿಗೆ ಆಗುವ ಹಾನಿಯನ್ನು ಭರಿಸುತ್ತವೆ, ಎದುರಿನವರಿಗೆ ಆಗುವ ಹಾನಿಯನ್ನಲ್ಲ. ಅಮೆರಿಕದಲ್ಲಿ ಸ್ವಂತ ಕಾರು ವಿಮೆ ಇಲ್ಲದವರು ಆ ಹೊಣೆಗಾರಿಕೆ ವಿಮೆಯನ್ನು ಪ್ರತ್ಯೇಕವಾಗಿ ಕೊಳ್ಳಲೇಬೇಕು. ಇಲ್ಲಿ ಜುಗ್ಗತನ ಬೇಡ.

ಭಾರತದಿಂದ ಬರುವ ಗೆಳೆಯರು ಹೊರಡುವ ಮುಂಚೆಯೇ ತಮ್ಮ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಲಿ. ಒಂದು ವರ್ಷ ಚಾಲ್ತಿಯಲ್ಲಿರುತ್ತದೆ, ಮೂಲ ಲೈಸೆನ್ಸ್ ಜೊತೆಗಿದ್ದರೆ ಮಾತ್ರ ಬೆಲೆ. ವೀಸಾದ ಮೇಲಿರುವವರು ಪಾಸ್‌ಪೋರ್ಟ್ ಮತ್ತು ಐ-94 (ಅಮೆರಿಕದೊಳಗೆ ಬಂದದ್ದರ ದಾಖಲೆ, ಹೆದ್ದಾರಿಯಲ್ಲ) ಪ್ರತಿಯನ್ನು ಕೈಗೆಟುಕುವಂತೆ ಇಟ್ಟುಕೊಳ್ಳಿ. ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು: ಗಾಂಜಾ ಈ ದಾರಿಯ ಕೆಲವು ರಾಜ್ಯಗಳಲ್ಲಿ ಕಾನೂನುಬದ್ಧ, ಇನ್ನು ಕೆಲವದರಲ್ಲಿ ಅಪರಾಧ, ಕೇಂದ್ರ ಕಾನೂನಿನಲ್ಲಿ ಎಲ್ಲೆಡೆಯೂ ಅಪರಾಧ. ವೀಸಾದವರ ಭವಿಷ್ಯವನ್ನೇ ಅದು ಕೆಡಿಸಬಲ್ಲದು. ಕಾರಿನಲ್ಲಿ ಇರಲೇಬಾರದು.

ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಅಮೆರಿಕದ ನಿವಾಸಿಗಳಿಗೆ 80 ಡಾಲರ್. 2026ರ ಜನವರಿ 1ರಿಂದ ಹೊರದೇಶದವರಿಗೆ ಅದು 250 ಡಾಲರ್ ಆಗಿದೆ. ಆ ಪಾಸ್ ಇಲ್ಲದ ಹೊರದೇಶದವರು ಯೆಲ್ಲೋಸ್ಟೋನ್ ಸೇರಿದಂತೆ 11 ಉದ್ಯಾನಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಕೊಡಬೇಕು. ಭಾರತದಿಂದ ಅತಿಥಿಗಳು ಜೊತೆಗಿದ್ದರೆ ಬಜೆಟ್ಟಿನಲ್ಲಿ ಇದಕ್ಕೆ ಜಾಗವಿರಲಿ.

5. ರಸ್ತೆಯ ಮೇಲೆ

ನಾಲ್ಕು ಕಡೆಯೂ ‘ಸ್ಟಾಪ್’ ಫಲಕವಿರುವ ಕೂಡುರಸ್ತೆಯಲ್ಲಿ ಪೂರ್ತಿ ನಿಲ್ಲಿಸಿ. ಮೊದಲು ಬಂದವರು ಮೊದಲು. ಒಟ್ಟಿಗೇ ಬಂದರೆ ಬಲಗಡೆಯವರು ಮೊದಲು. ಕೆಂಪು ದೀಪ ಮಿನುಗಿಸುತ್ತ ನಿಂತ ಹಳದಿ ಶಾಲಾ ಬಸ್ಸನ್ನು ದಾಟುವಂತಿಲ್ಲ; ವಿಭಜಕವಿಲ್ಲದ ರಸ್ತೆಯಲ್ಲಿ ಎದುರುಗಡೆಯಿಂದ ಬರುವವರೂ ನಿಲ್ಲಬೇಕು, ನ್ಯೂಯಾರ್ಕ್ ರಾಜ್ಯದಲ್ಲಿ ವಿಭಜಕವಿದ್ದರೂ ನಿಲ್ಲಬೇಕು. ರಸ್ತೆ ಬದಿಯಲ್ಲಿ ಪೊಲೀಸ್ ಕಾರೋ ಆಂಬುಲೆನ್ಸೋ ನಿಂತಿದ್ದರೆ ಪಕ್ಕದ ಲೇನಿಗೆ ಸರಿಯಬೇಕು, ಆಗದಿದ್ದರೆ ವೇಗ ತಗ್ಗಿಸಬೇಕು. ಇದು 50 ರಾಜ್ಯಗಳಲ್ಲೂ ಕಾನೂನು. ಪೊಲೀಸರು ನಿಲ್ಲಿಸಿದರೆ ಬಲಕ್ಕೆ ತೆಗೆದು ನಿಲ್ಲಿಸಿ, ಕಿಟಕಿ ಇಳಿಸಿ, ಕೈ ಸ್ಟಿಯರಿಂಗ್ ಮೇಲಿರಲಿ. ನಮ್ಮೂರಿನ ಹಾಗೆ ಇಳಿದು ಮಾತಾಡಲು ಹೋಗಬೇಡಿ.

ದಕ್ಷಿಣ ಡಕೋಟಾ, ವಯೋಮಿಂಗ್, ಮೊಂಟಾನಾಗಳಲ್ಲಿ ವೇಗದ ಮಿತಿ 80 ಮೈಲಿ, ಅಂದರೆ ಗಂಟೆಗೆ ಸುಮಾರು 129 ಕಿಲೋಮೀಟರ್. ಅದು ಮಿತಿ ಅಷ್ಟೇ. 70ರಲ್ಲಿ ಬಲಗಡೆ ಲೇನಿನಲ್ಲಿ ಹೋದರೆ ಯಾರೂ ಬೈಯುವುದಿಲ್ಲ, ಪೆಟ್ರೋಲೂ ಉಳಿಯುತ್ತದೆ. ಅರ್ಧ ಟ್ಯಾಂಕಿಗೆ ಬಂದ ಕೂಡಲೇ ತುಂಬಿಸಿ, ಮುಂದಿನ ಬಂಕ್ 60 ಮೈಲಿ ಆಚೆ ಇರಬಹುದು. ಡಕೋಟಾದಿಂದ ಮೊಂಟಾನಾದವರೆಗಿನ ಬಂಕ್‌ಗಳಲ್ಲಿ 85 ಆಕ್ಟೇನಿನ ಅಗ್ಗದ ಪೆಟ್ರೋಲ್ ಕಾಣುತ್ತದೆ. ಕಾರು 87 ಕೇಳುತ್ತದೆಯೇ ಎಂದು ಟ್ಯಾಂಕಿನ ಮುಚ್ಚಳದ ಹತ್ತಿರ ಓದಿಕೊಳ್ಳಿ. ಪಂಪು ಕಾರ್ಡಿಗೆ ಜಿಪ್ ಕೋಡ್ (ಅಲ್ಲಿಯ ಪಿನ್ ಕೋಡ್) ಕೇಳಿ ಭಾರತದ ಕಾರ್ಡನ್ನು ತಿರಸ್ಕರಿಸಿದರೆ ಒಳಗೆ ಹೋಗಿ ಕೌಂಟರಿನಲ್ಲಿ ಕೊಡಿ. ಬಯಲಿನಲ್ಲಿ ಫೋನ್ ಸಿಗ್ನಲ್ ಗಂಟೆಗಟ್ಟಲೆ ಇರುವುದಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

6. ಪೂರ್ವದಲ್ಲಿ ಬೇಗ, ಪಶ್ಚಿಮದಲ್ಲಿ ನಿಧಾನ

ಷಿಕಾಗೊವರೆಗಿನ ಮೂರ್ನಾಲ್ಕು ದಿನ ಟೋಲ್ ರಸ್ತೆಗಳ ದಿನಗಳು. ನಯಾಗರಾದಲ್ಲಿ ಒಂದು ರಾತ್ರಿ ಉಳಿಯಿರಿ, ಅಮೆರಿಕದ ದಂಡೆಯಲ್ಲೇ. ರೈನ್‌ಬೋ ಸೇತುವೆಯ ಲೇನಿಗೆ ತಪ್ಪಿ ಹೊಕ್ಕರೆ ನೇರ ಕೆನಡಾ ಗಡಿ. ಒಂದೇ ಪ್ರವೇಶದ ವೀಸಾ ಇರುವ ಗೆಳೆಯರಿಗೆ ಅದು ದೊಡ್ಡ ತೊಡಕು. ಷಿಕಾಗೊದಲ್ಲಿ ಒಂದು ದಿನ ಕಾರು ಮುಟ್ಟಬೇಡಿ. ಡೆವಾನ್ ಅವೆನ್ಯೂದ ಭಾರತೀಯ ಅಂಗಡಿಗಳಲ್ಲಿ ಸಾಮಾನು ತುಂಬಿಸಿಕೊಳ್ಳಿ. ಬಾಸ್ಟನ್‌ನಲ್ಲಿ ಮಂದಾರ, ಷಿಕಾಗೊದಲ್ಲಿ ವಿದ್ಯಾರಣ್ಯ, ಸಿಯಾಟಲ್‌ನಲ್ಲಿ ಸಹ್ಯಾದ್ರಿ ಹೀಗೆ ಈ ಹೆದ್ದಾರಿಯ ಎರಡು ತುದಿ ಮತ್ತು ನಡುವೆ ಕನ್ನಡ ಕೂಟಗಳಿವೆ. ಷಿಕಾಗೊ ದಾಟಿದ ಮೇಲೆ ಕನ್ನಡ ಕಿವಿಗೆ ಬೀಳುವುದು ಬಲು ಅಪರೂಪ.

ವಿಸ್ಕಾನ್ಸಿನ್‌ನ ಲಾಕ್ರಾಸ್ ಬಳಿ ಮಿಸಿಸಿಪ್ಪಿ ದಾಟುತ್ತೀರಿ. ಮಿನ್ನೆಸೋಟ ಪೂರ್ತಿ ಜೋಳದ ಹೊಲ, ಗಾಳಿಯಂತ್ರ. ದಕ್ಷಿಣ ಡಕೋಟಾದ ಸೂ ಫಾಲ್ಸ್ ಊರಿನ ನಡುವೆ ಗುಲಾಬಿ ಬಣ್ಣದ ಬಂಡೆಗಳ ಮೇಲೆ ಹರಿಯುವ ಜಲಪಾತದ ಹತ್ತಿರ ಬುತ್ತಿ ಬಿಚ್ಚಬಹುದು.

‘ಇಲ್ಲೇನೂ ಇಲ್ಲ, ರಾತ್ರಿ ಓಡಿಸಿ ದಾಟಿಬಿಡೋಣ’ ಎಂದು ಎಲ್ಲರೂ ಹೇಳುವುದು ದಕ್ಷಿಣ ಡಕೋಟಾವನ್ನು. ದಯವಿಟ್ಟು ಹಾಗೆ ಮಾಡಬೇಡಿ. ಚೇಂಬರ್ಲಿನ್ ಊರಿನ ಬಳಿ ರಸ್ತೆ ಮಿಸೌರಿ ನದಿಗೆ ಇಳಿಯುತ್ತದೆ. ನದಿಯ ಈಚೆ ದಂಡೆಯವರೆಗೂ ಉತ್ತ ಹೊಲ, ಚೌಕ ಚೌಕ, ಹಸಿರು. ಸೇತುವೆ ದಾಟಿ ಏರು ಹತ್ತುತ್ತಿದ್ದಂತೆ ಹೊಲಗಳು ತೆಳುವಾಗಿ ದನ ಮೇಯುವ ಹುಲ್ಲುಗಾವಲು ಶುರು. ಒಣ, ಹಳದಿ, ಬೇಲಿಯೊಂದನ್ನು ಬಿಟ್ಟರೆ ಬರೀ ಗಾಳಿ. ಅಲ್ಲಿಯ ಜನ ತಮ್ಮ ರಾಜ್ಯವನ್ನು ಹೊಳೆಯ ಪೂರ್ವ, ಹೊಳೆಯ ಪಶ್ಚಿಮ ಎಂದೇ ಎರಡು ಭಾಗ ಮಾಡಿ ಮಾತಾಡುತ್ತಾರೆ. ದೇಶದ ಮಳೆಯ ಸೀಮೆ ಮುಗಿದು ಒಣ ಸೀಮೆ ತೆರೆದುಕೊಳ್ಳುವುದು ಈ ಭಾಗದಲ್ಲೇ. ಹಗಲಲ್ಲಿ ಕಣ್ಣು ಬಿಟ್ಟು ಕೂತವರಿಗೆ ಮಾತ್ರ ಅದು ಕಾಣುತ್ತದೆ. ಸೇತುವೆಗೆ ಮುಂಚೆ ಸಿಗುವ ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿ. ನದಿಯ ಮೇಲಿನ ದಿಬ್ಬದಲ್ಲಿ 50 ಅಡಿ ಎತ್ತರದ ಉಕ್ಕಿನ ಪ್ರತಿಮೆಯಿದೆ: ನಕ್ಷತ್ರ ವಿನ್ಯಾಸದ ಕೌದಿಯನ್ನು ಬೆನ್ನ ಹಿಂದೆ ಎರಡೂ ಕೈಯಲ್ಲಿ ಹಿಡಿದು ನಿಂತ ಮೂಲನಿವಾಸಿ ಹೆಣ್ಣುಮಗಳು. 2016ರಲ್ಲಿ ನಿಲ್ಲಿಸಿದ್ದು. ಆ ಕೌದಿಯ ನೀಲಿ ತುಣುಕುಗಳು ಗಾಳಿಗೆ ಅಲುಗಿ ಹೊಳೆಯುತ್ತವೆ.

ನದಿ ದಾಟಿ ಒಂದಷ್ಟು ದೂರಕ್ಕೆ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ಆ ಗಂಟೆಯನ್ನು ಬ್ಯಾಡ್‌ಲ್ಯಾಂಡ್ಸ್‌ಗೆ ಕೊಡಿ. 131ನೇ ನಿರ್ಗಮನದಲ್ಲಿ ಇಳಿದು 240ನೇ ರಸ್ತೆಯಲ್ಲಿ ಸುತ್ತಿ 110ನೇ ನಿರ್ಗಮನದಲ್ಲಿ ಮತ್ತೆ ಹೆದ್ದಾರಿಗೆ ಹತ್ತಬಹುದು. ಹುಲ್ಲುಗಾವಲು ಇದ್ದಕ್ಕಿದ್ದಂತೆ ಕುಸಿದು, ಬೂದಿ, ಹಳದಿ, ಇಟ್ಟಿಗೆ ಬಣ್ಣದ ಪಟ್ಟೆಗಳ ಮಣ್ಣುಬೆಟ್ಟಗಳಾಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಅವು ಚಪ್ಪಟೆ, ಸಪ್ಪೆ. ಬೆಳಿಗ್ಗೆ ಅಥವಾ ಸಂಜೆ ಓರೆ ಬೆಳಕು ಬಿದ್ದಾಗ ಒಂದೊಂದು ಪಟ್ಟೆಯೂ ಎದ್ದು ಕಾಣುತ್ತದೆ. ಹೀಗಾಗಿ ಆ ರಾತ್ರಿ ಪಕ್ಕದ ವಾಲ್ ಊರಿನಲ್ಲೇ ಉಳಿಯಿರಿ. ಹೆದ್ದಾರಿಯುದ್ದಕ್ಕೂ ‘ಉಚಿತ ತಣ್ಣೀರು’ ಎಂದು ಫಲಕ ನೆಟ್ಟ ವಾಲ್ ಡ್ರಗ್ ಅಂಗಡಿ ಅಲ್ಲಿದೆ. 1930ರ ದಶಕದಲ್ಲಿ ಗಿರಾಕಿಗಳನ್ನು ಸೆಳೆಯಲು ಶುರು ಮಾಡಿದ ಆ ನೀರು ಈಗಲೂ ಉಚಿತ.

ಮುಂದಿನ ಬ್ಲ್ಯಾಕ್ ಹಿಲ್ಸ್‌ನಲ್ಲಿ ನಾಲ್ವರು ಅಧ್ಯಕ್ಷರ ಮುಖಗಳನ್ನು ಬಂಡೆಯಲ್ಲಿ ಕೆತ್ತಿದ ಮೌಂಟ್ ರಶ್ಮೋರ್‌ಗೆ ಎಲ್ಲರೂ ಹೋಗುತ್ತಾರೆ, ನೀವೂ ಹೋಗಿ. ಹೋಗುವ ಮುಂಚೆ ಒಂದು ವಿಷಯ ಗೊತ್ತಿರಲಿ. ಈ ಬೆಟ್ಟಗಳು ಮೂಲನಿವಾಸಿ ಲಕೋಟಾ ಜನರಿಗೆ ಪವಿತ್ರ, 1868ರ ಒಪ್ಪಂದದಲ್ಲಿ ಅವರಿಗೇ ಬಿಟ್ಟುಕೊಟ್ಟದ್ದು. ಚಿನ್ನ ಸಿಕ್ಕ ಮೇಲೆ ಕಿತ್ತುಕೊಂಡರು. 1980ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಬೇಕೆಂದು ತೀರ್ಪಿತ್ತರೂ ಅವರು ಹಣ ಮುಟ್ಟಿಲ್ಲ. ಅವರು ಕೇಳುತ್ತಿರುವುದು ನೆಲವನ್ನು. ಇದನ್ನು ತಿಳಿದು ನೋಡಿದರೆ ಆ ನಾಲ್ಕು ಮುಖಗಳು ಬೇರೆಯದೇ ರೀತಿ ಕಾಣುತ್ತವೆ.

ವಯೋಮಿಂಗ್‌ನಲ್ಲಿ 1906ರಲ್ಲಿ ಮೊದಲ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದ ಡೆವಿಲ್ಸ್ ಟವರ್ ಬಂಡೆಗೆ ಹೆದ್ದಾರಿಯಿಂದ ಅರ್ಧ ಗಂಟೆಯ ಅಡ್ಡದಾರಿ. ಆಮೇಲೆ ಬಫಲೋ ಎಂಬ ಊರಿನಲ್ಲಿ ಐ-90 ಬಿಟ್ಟು 16ನೇ ಹೆದ್ದಾರಿ ಹಿಡಿದು, ಬಿಗ್‌ಹಾರ್ನ್ ಬೆಟ್ಟ ಹತ್ತಿ, ಟೆನ್ ಸ್ಲೀಪ್ ಕಣಿವೆ ಇಳಿದು ಕೋಡಿ ಸೇರಿ. ಅಲ್ಲಿಂದ ಯೆಲ್ಲೋಸ್ಟೋನ್‌ನ ಪೂರ್ವ ದ್ವಾರ.

1872ರಲ್ಲಿ ಘೋಷಿತವಾದ ಈ ಮೊದಲ ರಾಷ್ಟ್ರೀಯ ಉದ್ಯಾನಕ್ಕೆ ಎರಡು ಪೂರ್ತಿ ದಿನ ಬೇಕು. ಒಳಗಿನ ವಸತಿ ಒಂದು ವರ್ಷ ಮುಂಚೆಯೇ ಭರ್ತಿಯಾಗುತ್ತದೆ. ಸಿಗದಿದ್ದರೆ ಗಾರ್ಡಿನರ್ ಅಥವಾ ವೆಸ್ಟ್ ಯೆಲ್ಲೋಸ್ಟೋನ್ ಊರು ನೋಡಿ. ಕಾಡೆಮ್ಮೆಗಳಿಂದ 25 ಗಜ, ಕರಡಿ ಮತ್ತು ತೋಳಗಳಿಂದ 100 ಗಜ ದೂರವಿರುವುದು ನಿಯಮ. ಬಿಸಿನೀರ ಬುಗ್ಗೆಗಳ ಬಳಿ ಮರದ ಹಲಗೆ ದಾರಿಯಿಂದ ಒಂದು ಹೆಜ್ಜೆಯೂ ಕೆಳಗಿಡಬೇಡಿ, ತೆಳ್ಳಗಿನ ಪದರದ ಕೆಳಗೆ ಕುದಿಯುವ ನೀರಿದೆ. ಓಲ್ಡ್ ಫೇತ್‌ಫುಲ್ ಎಂಬ ಬುಗ್ಗೆ ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಮುಂದಿನದು ಎಷ್ಟು ಹೊತ್ತಿಗೆ ಎಂದು ಪಕ್ಕದ ಮಾಹಿತಿ ಕೇಂದ್ರದಲ್ಲಿ ಬರೆದಿರುತ್ತಾರೆ.

ಅಲ್ಲಿಂದಾಚೆ ದಾರಿ ತಾನೇ ನಡೆಸಿಕೊಂಡು ಹೋಗುತ್ತದೆ. ಮೊಂಟಾನಾದ ಬ್ಯೂಟ್ ಬಳಿಯ ಹೋಮ್‌ಸ್ಟೇಕ್ ಪಾಸ್ ಎಂಬ ಕಣಿವೆದಾರಿಯಲ್ಲಿ ಖಂಡದ ನೀರು ಎರಡಾಗಿ ಒಡೆಯುತ್ತದೆ. ಆಚೆ ಬಿದ್ದ ಮಳೆ ಪೆಸಿಫಿಕ್‌ಗೆ. ಐಡಾಹೊದ ವ್ಯಾಲೇಸ್ ಊರಿನಲ್ಲಿ ಕಾಫಿಗೆ ಇಳಿಯಿರಿ. ಐ-90ರ ಕೊನೆಯ ಟ್ರಾಫಿಕ್ ದೀಪ 1991ರವರೆಗೆ ಇದ್ದದ್ದು ಈ ಊರಿನಲ್ಲಿ. ವ್ಯಾಂಟೇಜ್ ಬಳಿ ಕೊಲಂಬಿಯಾ ನದಿ, ಆಮೇಲೆ ಸ್ನೊಕ್ವಾಲ್ಮಿ ಪಾಸ್, ದಟ್ಟ ದೇವದಾರು ಕಾಡು, ಸಿಯಾಟಲ್.

7. ಊಟದ ವ್ಯವಸ್ಥೆ

ಒಂದು ಐಸ್ ಪೆಟ್ಟಿಗೆ, ಒಂದು ಸಣ್ಣ ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ. ಮೋಟೆಲ್‌ಗಳಲ್ಲಿ ಮಂಜುಗಡ್ಡೆ ಯಂತ್ರ ಉಚಿತ, ಹಲವು ಕೋಣೆಗಳಲ್ಲಿ ಸಣ್ಣ ಫ್ರಿಜ್ ಮತ್ತು ಮೈಕ್ರೋವೇವ್ ಇರುತ್ತವೆ. ಕುಕ್ಕರ್ ಹಚ್ಚುವ ಮುಂಚೆ ಕೌಂಟರಿನಲ್ಲಿ ಕೇಳಿ. ಬಹಳ ಮೋಟೆಲ್‌ಗಳನ್ನು ನಡೆಸುವವರು ಗುಜರಾತಿ ಕುಟುಂಬಗಳೇ. ಸೌಜನ್ಯದಿಂದ ಕೇಳಿದರೆ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ಸಸ್ಯಾಹಾರಿಗಳು ಎರಡು ವಿಷಯ ನೆನಪಿಡಿ: ಅಮೆರಿಕದ ಮೆಕ್‌ಡೊನಾಲ್ಡ್ಸ್‌ನ ಆಲೂ ಫ್ರೈಸ್‌ನಲ್ಲಿ ಗೋಮಾಂಸದ ಸ್ವಾದವಿರುತ್ತದೆ, ಸಣ್ಣ ಮೆಕ್ಸಿಕನ್ ಹೋಟೆಲುಗಳ ಬೀನ್ಸ್‌ಗೆ ಹಂದಿಕೊಬ್ಬು ಹಾಕಿರಬಹುದು, ಕೇಳಿ ತಿಳಿದುಕೊಳ್ಳಿ. ಟಾಕೊ ಬೆಲ್, ಚಿಪೋಟ್ಲೆಯಂಥ ದೊಡ್ಡ ಹೋಟೆಲ್ ಸರಣಿಗಳು ಇದ್ದಲ್ಲಿ ಚಿಂತೆಯಿಲ್ಲ. ಬುತ್ತಿ ಎಷ್ಟೇ ಇದ್ದರೂ ದಿನಕ್ಕೊಂದು ಹೊತ್ತು ಊರಿನ ಡೈನರ್‌ನಲ್ಲಿ ಕೂರಿ. ಊರವರ ಜೊತೆ ನಾಲ್ಕು ಮಾತಾಡಲು ಅದಕ್ಕಿಂತ ಸುಲಭದ ಜಾಗವಿಲ್ಲ.

8. ಕಾರು ಒಪ್ಪಿಸುವಾಗ

ತೆಗೆದುಕೊಂಡಾಗ ಮಾಡಿದಂತೆಯೇ ಬಿಡುವಾಗಲೂ ಕಾರಿನ ನಾಲ್ಕೂ ಬದಿ, ಗಾಜು, ಚಕ್ರ, ಇಂಧನದ ಮುಳ್ಳು, ಮೈಲಿಗಳ ವಿಡಿಯೊ ತೆಗೆದಿಡಿ. ಟ್ಯಾಂಕ್ ತುಂಬಿಸಿದ ರಸೀದಿ ಜೊತೆಗಿರಲಿ. ಮ್ಯಾಸಚೂಸೆಟ್ಸ್ ಮತ್ತು ನ್ಯೂಯಾರ್ಕ್‌ನ ಟೋಲ್‌ಗಳಲ್ಲಿ ನಗದು ಕಟ್ಟೆಗಳೇ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ. ಆ ಬಿಲ್ಲು ಬಾಡಿಗೆ ಕಂಪನಿಯ ಸೇವಾ ಶುಲ್ಕದೊಂದಿಗೆ ವಾರಗಳ ನಂತರ ಕಾರ್ಡ್ ಯಾರದೋ ಅವರ ತಲೆಗೆ ಬರುತ್ತದೆ. ಹಾಗಾಗಿ ಗುಂಪಿನ ಲೆಕ್ಕದ ಪುಸ್ತಕವನ್ನು ವಿಮಾನ ನಿಲ್ದಾಣದಲ್ಲೇ ಮುಚ್ಚಬೇಡಿ. ಎರಡು ತಿಂಗಳು ತೆರೆದಿಟ್ಟು, ಕೊನೆಯ ಟೋಲ್ ಬಂದ ಮೇಲೆ ನಾಲ್ಕಾಗಿ ಹಂಚಿ ಚುಕ್ತಾ ಮಾಡಿ.